ಮೂರನೆಯ ಓದಿಗೆ ಸಾಯುವ ಚುಕ್ಕಿ

ಚುಕ್ಕಿಯಕ್ಕ ಬುಧವಾರ ಬೆಳಿಗ್ಗೆ ಏಳೂವರೆಗೆ ಸತ್ತಳು. ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡು, ಕಿಟಕಿಯಿಂದ ಎರಡನೆಯ ಮಂಚ. ಹೊಟ್ಟೆಯಲ್ಲಿ ಗಡ್ಡೆಯಿತ್ತು. ವಯಸ್ಸು ಐವತ್ತೇಳು.

ಹತ್ತೂವರೆಗೆಲ್ಲ ಪ್ರೆಸ್ಸಿನ ಸೂಚನಾ ಫಲಕದ ಮೇಲೆ ಸಂತಾಪದ ಹಾಳೆ ಅಂಟಿತ್ತು. 'ದೃಷ್ಟಿಹೀನರಾಗಿದ್ದರೂ ಮೂವತ್ತು ವರ್ಷ ನಿಷ್ಠೆಯಿಂದ ಸೇವೆ ಸಲ್ಲಿಸಿದ' ಎಂದು ಅದರ ಮೊದಲ ಸಾಲು. ಅವಳೊಂದಿಗೆ ಹತ್ತೊಂಬತ್ತು ವರ್ಷ ಒಂದೇ ಮೇಜಿಗೆ ಕೂತು ಅವಳಿಗೆ ಓದಿಹೇಳುತ್ತಿದ್ದ ಓದುವವನು ಅದರ ಮುಂದೆ ನಿಂತು ಎರಡು ಸಲ ಓದಿದ. ಮೀನಾಗಿದ್ದರೂ ಚೆನ್ನಾಗಿ ಈಜುತ್ತಿತ್ತು ಎಂದು ಬರೆದ ಹಾಗಿತ್ತು. ಅದು ಕಣ್ಣಿಲ್ಲದವರಿಗೆ ಪುಸ್ತಕ ಮಾಡುವ ಪ್ರೆಸ್ಸು. ಅಲ್ಲಿ ಕೆಲಸಕ್ಕಿದ್ದ ನಲವತ್ತು ಜನರಲ್ಲಿ ಕಣ್ಣಿಲ್ಲದವಳು ಅವಳೊಬ್ಬಳೇ. ಅಲ್ಲಿ ಅಚ್ಚಾಗುವುದನ್ನು ಓದಲು ಬರುತ್ತಿದ್ದವಳೂ ಅವಳೊಬ್ಬಳೇ.

ಎರಡು ನಿಮಿಷದ ಮೌನ ನಡೆಯಿತು. ಸೂಪರಿಂಟೆಂಡೆಂಟರು ಮೌನದ ನಡುವೆ ಗಡಿಯಾರ ನೋಡಿಕೊಂಡರು. ಮೌನ ಮುಗಿದ ಮೇಲೆ, "ಪಾಪ, ಮೊಂಡು ಹೆಂಗಸು, ಆದ್ರೆ ಒಳ್ಳೇಳು" ಎಂದರು. ಓದುವವನು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತುಕೊಂಡ.

ಅವರಿಬ್ಬರ ಕೆಲಸ ಹೀಗಿತ್ತು. ಮಾಮೂಲಿ ಅಕ್ಷರದ ಪುಸ್ತಕವನ್ನು ಅವನು ಗಟ್ಟಿಯಾಗಿ ಓದಬೇಕು. ಅದೇ ಪುಸ್ತಕದ ಬ್ರೈಲ್ ಕರಡಿನ ಮೇಲೆ ಅವಳು ಬೆರಳಾಡಿಸಬೇಕು. ಬ್ರೈಲ್ ಎಂದರೆ ಎದ್ದ ಚುಕ್ಕಿಗಳ ಬರಹ. ಒಂದು ಮನೆಯಲ್ಲಿ ಹೆಚ್ಚೆಂದರೆ ಆರು ಚುಕ್ಕಿ, ಯಾವುದು ಎದ್ದಿದೆ ಯಾವುದು ಇಲ್ಲ ಎಂಬುದರ ಮೇಲೆ ಅಕ್ಷರ. ಅವನ ಬಾಯಿಗೂ ಅವಳ ಬೆರಳಿಗೂ ಎಲ್ಲಿ ತಾಳೆ ತಪ್ಪಿತೋ ಅಲ್ಲಿ ಅವಳು "ನಿಲ್ಲು" ಎನ್ನುತ್ತಿದ್ದಳು. ಪದಗಳನ್ನಷ್ಟೇ ಓದಿದರೆ ಸಾಲದು, ಚಿಹ್ನೆಗಳನ್ನೂ ಬಾಯಿಬಿಟ್ಟು ಹೇಳಬೇಕು: ಅಲ್ಪವಿರಾಮ, ಪೂರ್ಣವಿರಾಮ, ಆವರಣ ಶುರು, ಆವರಣ ಮುಗಿಯಿತು. ಆ ಚಾಳಿ ಅವನ ನಾಲಿಗೆಗೆ ಎಷ್ಟು ಅಂಟಿತ್ತೆಂದರೆ ಮನೆಯಲ್ಲಿ ಊಟಕ್ಕೆ ಕೂತು, "ಉಪ್ಪು ಕಡಿಮೆ, ಪೂರ್ಣವಿರಾಮ" ಎಂದುಬಿಡುತ್ತಿದ್ದ. "ಹಂಗಾದ್ರೆ ಮಾತು ಮುಗೀತು, ಸುಮ್ನೆ ತಿನ್ನಿ" ಎನ್ನುತ್ತಿದ್ದಳು ಅವನ ಹೆಂಡತಿ.

ಪ್ರೆಸ್ಸಿನವರು ಅವನನ್ನು ಬಾಯಿ ಎಂದೂ ಅವಳನ್ನು ಚುಕ್ಕಿಯಕ್ಕ ಎಂದೂ ಕರೆಯುತ್ತಿದ್ದರು. ಅವಳು ಅವನನ್ನು ತಮ್ಮಾ ಎನ್ನುತ್ತಿದ್ದಳು. ಸಿಟ್ಟು ಬಂದರೆ ಬರೀ "ಏಯ್".

ಅವಳು ಓದಿದ ಶಾಲೆಯಲ್ಲಿ ಕಣ್ಣಿಲ್ಲದ ಮಕ್ಕಳಿಗೆ ಲೆಕ್ಕ ಕಲಿಸುತ್ತಿರಲಿಲ್ಲ. ಕಲಿಸುವ ಪುಸ್ತಕವೇ ಇರಲಿಲ್ಲ. ಲೆಕ್ಕದ ಬದಲು ಸಂಗೀತ ಎಂದು ಇಲಾಖೆಯ ನಿಯಮ. ಕಣ್ಣಿಲ್ಲದವರಿಗೆ ಕಂಠ ಇರುತ್ತದೆಂದು ಯಾರು ಅವರಿಗೆ ಹೇಳಿದ್ದರೋ. "ನಾನು ಹಾಡಕ್ಕೆ ಶುರು ಮಾಡಿದ್ರೆ ಕಾಗೆ ಕೂಡ, ಇವಳು ನಮ್ಮ ಜಾತಿಯವಳಲ್ಲಪ್ಪ ಅಂತ ಹಾರಿಹೋಗ್ತಿತ್ತು" ಎನ್ನುತ್ತಿದ್ದಳು. ಸಂಗೀತದಲ್ಲಿ ಅವಳಿಗೆ ನೂರಕ್ಕೆ ಮೂವತ್ತೈದು ಕೊಟ್ಟು ಮುಂದೆ ತಳ್ಳಿದ್ದರು. ಅದೇ ಮೂವತ್ತೈದರ ಮೇಲೆ, ಲೆಕ್ಕ ಗೊತ್ತಿಲ್ಲ ಎಂಬ ಷರಾದೊಂದಿಗೆ, ಅವಳು ಬೇಡಿದ ಮುಂದಿನ ಓದಿಗೆ ಸೀಟು ಸಿಗಲಿಲ್ಲ. ಇಪ್ಪತ್ತೇಳನೆಯ ವಯಸ್ಸಿಗೆ ಪ್ರೆಸ್ಸಿಗೆ ಬಂದಳು. ಅಲ್ಲಿ ಅಚ್ಚಿಗೆ ಬಂದ ಅಂಕಗಣಿತದ ಪುಸ್ತಕಗಳ ಕರಡು ತಿದ್ದುತ್ತ ತಿದ್ದುತ್ತ, ಯಾರೂ ಕಲಿಸದೆ, ಲೆಕ್ಕ ಕಲಿತಳು.

ಆಮೇಲೆ ರೇಖಾಗಣಿತದ ಪುಸ್ತಕ ಬಂತು. ಏಳನೆಯ ತರಗತಿಯದು. ಕಣ್ಣಿಲ್ಲದ ಮಕ್ಕಳಿಗೂ ಲೆಕ್ಕದ ಪರೀಕ್ಷೆ ಇಟ್ಟು ನೋಡೋಣ ಎಂದು ಇಲಾಖೆ ಒಪ್ಪಿದ ವರ್ಷ ಅದು. ಒಪ್ಪಿಸಿದ್ದರಲ್ಲಿ ಅವಳ ಹದಿನಾಲ್ಕು ಅರ್ಜಿಗಳ ಪಾಲೂ ಇತ್ತು. ಬ್ರೈಲಿನಲ್ಲಿ ರೇಖಾಗಣಿತ ಮಾಡುವುದು ಹುಡುಗಾಟವಲ್ಲ. ಪ್ರತಿ ತ್ರಿಕೋನ, ಪ್ರತಿ ವೃತ್ತವನ್ನು ತಗಡಿನ ಮೇಲೆ ಚುಕ್ಕಿಯ ಗೆರೆಯಾಗಿ ಎಬ್ಬಿಸಬೇಕು, ಬೆರಳು ಅದರ ಮೂಲೆಯನ್ನು ಮೂಲೆ ಎಂದು ಗುರುತಿಸಬೇಕು. ಮೂರು ವರ್ಷ ಹಿಡಿಯಿತು. ಒಂದು ವೃತ್ತಕ್ಕೆ ಹನ್ನೊಂದು ಸಲ ತಗಡು ಹೊಡೆಸಿದಳು. "ಅಕ್ಕಾ, ದುಂಡಗೇ ಇದೆಯಲ್ಲ" ಎಂದು ಮಿಷನ್ನಿನವನು ಹಲುಬಿದರೆ, "ನಿನ್ನ ಕಣ್ಣಿಗೆ ದುಂಡಗಿದೆ. ನನ್ನ ಬೆರಳಿಗೆ ಆಲೂಗಡ್ಡೆ" ಎಂದಳು.

ತಗಡೆಲ್ಲ ಸಿದ್ಧವಾಗಿ ಅಚ್ಚು ಹಾಕುವ ವಾರ ಹಾಳೆ ಬಂತು.

ಮಿಷನ್ನಿನವನು ಮೊದಲ ಹತ್ತು ಹಾಳೆ ಹೊಡೆದು ತಂದು ಅವಳ ಮುಂದಿಟ್ಟ. ಅವಳು ಓದುವ ಮೊದಲೇ ಒಂದು ಹಾಳೆಯ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದಳು. ಬ್ರೈಲಿನ ಹಾಳೆ ಅಲ್ಲಾಡಿಸಿದರೆ ತಗಡಿನಂತೆ ದಡದಡ ಎನ್ನಬೇಕು. ಇದು ಈರುಳ್ಳಿ ಸಿಪ್ಪೆಯ ಹಾಗೆ ಪಿಸುಗುಟ್ಟಿತು.

"ಏನಿದು?"

"ಹೊಸ ಟೆಂಡರು ಅಕ್ಕಾ. ಸ್ಟೋರಿಗೆ ಬಂದಿರೋದೆಲ್ಲ ಇದೇ."

ಅವಳು ಒಂದು ಹಾಳೆಯನ್ನು ಓದಿದಳು. ಓದುವವನಿಗೆ ಓದಲು ಹೇಳಲಿಲ್ಲ; ಆ ಪುಟ ಅವಳಿಗೆ ಬಾಯಿಪಾಠ. ಮತ್ತೆ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಅವನ ಕೈಹಿಡಿದು ಅವನ ತೋರುಬೆರಳನ್ನು ಸಾಲಿನ ಮೇಲೆಳೆದಳು. ಹದಿನೆಂಟು ವರ್ಷದಲ್ಲಿ ಅವನು ಬೆರಳಿನಿಂದ ಓದುವುದನ್ನು ಕಲಿತಿರಲಿಲ್ಲ. ಆದರೂ ಅವನಿಗೆ ತಿಳಿಯಿತು: ಅಲ್ಲಿ ಏನೂ ಇರಲಿಲ್ಲ, ತಟ್ಟೆ ತೊಳೆದ ಮೇಲೆ ಉಳಿದ ಜಿಡ್ಡಿನಷ್ಟು ಉಬ್ಬು ಬಿಟ್ಟರೆ.

ಅವಳು ಸೂಪರಿಂಟೆಂಡೆಂಟರನ್ನು ಕರೆಸಿದಳು. ಅವರಿಗೆ ಒಂದು ಅಭ್ಯಾಸವಿತ್ತು. ಪುಟ ತಿರುಗಿಸುವಾಗ ಬೆರಳನ್ನು ನಾಲಿಗೆಗೆ ಒತ್ತಿ ಒದ್ದೆಮಾಡಿಕೊಳ್ಳುತ್ತಿದ್ದರು. ಮಾಮೂಲಿ ಪುಸ್ತಕಕ್ಕೆ ಸರಿ. ಬ್ರೈಲ್ ಹಾಳೆಯ ಮೇಲೆ ಆ ಎಂಜಲು ಆರುವವರೆಗೆ ಅವಳು ಕಾಯಬೇಕಾಗುತ್ತಿತ್ತು. ಎಷ್ಟೋ ಸಲ ಕಾಯದೆ ಬೆರಳಿಟ್ಟು, ಸೆರಗಿಗೆ ಒರೆಸಿಕೊಂಡು, ಮಾತಾಡದೆ ಮುಂದುವರಿಯುತ್ತಿದ್ದಳು. ಅವತ್ತೂ ಅವರು ಎಂಜಲು ಬೆರಳಲ್ಲಿ ನಾಲ್ಕು ಹಾಳೆ ತಿರುವಿದರು, ಒಂದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು.

"ಚುಕ್ಕಿ ಎದ್ದಿದೆಯಲ್ಲಮ್ಮ. ನನಗೇ ಕಾಣಿಸ್ತಿದೆ."

"ಅದು ಕಾಣಿಸೋಕೆ ಇರೋದಲ್ಲ ಸರ್. ಮೊದಲನೇ ಓದಿಗೆ ಇರುತ್ತೆ. ಎರಡನೇದಕ್ಕೆ ಮೆತ್ತಗಾಗುತ್ತೆ. ಮೂರನೇದಕ್ಕೆ ಸಾಯುತ್ತೆ."

"ಮೂರು ಸಲ ಯಾರಮ್ಮ ಓದ್ತಾರೆ?"

"ಲೆಕ್ಕದ ಪುಸ್ತಕ ಸರ್ ಇದು. ನೀವು ಒಂದೇ ಸಲ ಓದಿ ಪಾಸಾದ್ರಾ?"

ಮಿಷನ್ನಿನವನು ಕೆಮ್ಮಿದ. ಸೂಪರಿಂಟೆಂಡೆಂಟರು ಅವನತ್ತ ಒಮ್ಮೆ ನೋಡಿ, ದನಿ ಇಳಿಸಿ, ತಿಳಿಯದವರಿಗೆ ತಿಳಿಹೇಳುವ ಹಾಗೆ ಹೇಳಿದರು. "ನೋಡಿ, ಇಷ್ಟು ದಿನ ಆ ಮಕ್ಕಳಿಗೆ ಏನೂ ಇರ್ಲಿಲ್ಲ. ಏನೂ ಇಲ್ಲದಿರೋದಕ್ಕಿಂತ ಇದು ವಾಸಿ ತಾನೆ?"

"ಅಲ್ಲ ಸರ್. ಏನೂ ಇಲ್ಲ ಅಂದ್ರೆ, ಪುಸ್ತಕ ಇಲ್ಲ ಅದಕ್ಕೆ ಕಲೀಲಿಲ್ಲ ಅನ್ನಬಹುದು. ಇದನ್ನ ಕೊಟ್ಮೇಲೆ ಫೇಲಾದ್ರೆ, ಪುಸ್ತಕ ಕೊಟ್ರೂ ಕಲೀಲಿಲ್ಲ, ಅವಕ್ಕೆ ತಲೇನೇ ಇಲ್ಲ ಅಂತೀರಿ. ಮತ್ತೆ ಹಾಡೋಕೆ ಕೂರಿಸ್ತೀರಿ."

"ನೀವು ಬಹಳ ದೂರ ಯೋಚನೆ ಮಾಡ್ತೀರಿ."

"ನಾನು ಆ ದೂರದಿಂದಲೇ ಬಂದಿರೋದು ಸರ್."

ಪುಸ್ತಕ ಪ್ರೆಸ್ಸಿನಿಂದ ಹೊರಗೆ ಹೋಗಲು ಒಂದು ಫಾರಂ ಇತ್ತು. ಅದರ ಮೇಲೆ ಕರಡು ತಿದ್ದಿದವಳ ಒಪ್ಪಿಗೆ ಬೇಕು. ಒಪ್ಪಿಗೆಯೆಂದರೆ ಸಹಿಯಲ್ಲ, ಹೆಬ್ಬೆಟ್ಟು. ಅವಳಿಗೆ ಸಹಿ ಮಾಡಲು ಬರುತ್ತಿತ್ತು. ಸ್ಕೇಲಿನ ಅಂಚು ಹಿಡಿದುಕೊಟ್ಟರೆ ನೆಟ್ಟಗೆ ಬರೆಯುತ್ತಿದ್ದಳು. ಆದರೆ ದೃಷ್ಟಿಯಿಲ್ಲದವರು ಹೆಬ್ಬೆಟ್ಟು ಒತ್ತತಕ್ಕದ್ದು, ಪಕ್ಕದಲ್ಲಿ ಕಣ್ಣಿರುವ ಸಾಕ್ಷಿ ಸಹಿ ಹಾಕತಕ್ಕದ್ದು ಎಂದು ಕಚೇರಿಯ ನಿಯಮ. ಇಡೀ ಕಟ್ಟಡದ ಪುಸ್ತಕಗಳನ್ನು ಓದಬಲ್ಲ ಒಬ್ಬಳೇ ಒಬ್ಬಳನ್ನು ಮೂವತ್ತು ವರ್ಷ ಹೆಬ್ಬೆಟ್ಟು ಮಾಡಿ ಇಟ್ಟಿದ್ದರು. ಸಾಕ್ಷಿಯ ಸಹಿ ಯಾವಾಗಲೂ ಓದುವವನದು. ಅದನ್ನು ಅವನು ಅಸಹ್ಯ ಎಂದುಕೊಂಡದ್ದೂ ಇಲ್ಲ. ಬಿಸಿಲು ಮಳೆಯ ಹಾಗೆ ಅದೂ ಒಂದು ಎಂದು ಗೀಚುತ್ತಿದ್ದ.

ಈ ಸಲ ಅವಳು ಹೆಬ್ಬೆಟ್ಟು ಒತ್ತಲಿಲ್ಲ. ಶಾಯಿಯ ಪ್ಯಾಡು ಮೇಜಿನ ಮೇಲೆ ಬಂದಾಗ ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

ಅದೇ ಸಂಜೆ ಇಲಾಖೆಯ ಮುಖ್ಯಸ್ಥರಿಗೆ ದೂರು ಬರೆದಳು. ನಾಲ್ಕು ಪುಟ, ಬ್ರೈಲಿನಲ್ಲಿ. "ಮಾಮೂಲಿ ಅಕ್ಷರದಲ್ಲಿ ನಾನು ಬರ್ಕೊಡ್ತೀನಿ ಅಕ್ಕ" ಎಂದು ಓದುವವನು ಹೇಳಿದ. "ಬ್ರೈಲಿಗೆ ಅಂತಲೇ ಇರೋ ಇಲಾಖೆ ಕಣೋ ಅದು. ಓದಕ್ಕೆ ಬರೋರು ಒಬ್ರಾದ್ರೂ ಇರ್ತಾರೆ" ಎಂದಳು. ಅವಳ ಬದುಕಿನಲ್ಲಿ ಅವಳು ಮಾಡಿದ ಪೆದ್ದು ಕೆಲಸ ಅದೊಂದೇ.

ಹನ್ನೆರಡು ದಿನಕ್ಕೆ ಉತ್ತರ ಬಂತು. ಓದುವವನು ಲಕೋಟೆ ಒಡೆದು ಎಂದಿನಂತೆ ಚಿಹ್ನೆ ಸಮೇತ ಓದಿದ. "ತಾವು ಕಳುಹಿಸಿದ ಲಕೋಟೆಯಲ್ಲಿ ನಾಲ್ಕು ಖಾಲಿ ಹಾಳೆಗಳಿದ್ದು, ಅಲ್ಪವಿರಾಮ, ವಿಷಯ ತಿಳಿದುಬಂದಿರುವುದಿಲ್ಲ, ಪೂರ್ಣವಿರಾಮ. ಕಚೇರಿಯ ಹಾಳೆಗಳನ್ನು ಈ ರೀತಿ ಪೋಲು ಮಾಡದಂತೆ ಸೂಚಿಸಲಾಗಿದೆ, ಪೂರ್ಣವಿರಾಮ."

ಅವಳು ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಮಿಷನ್ನಿನವನು ಓಡಿಬಂದು ಏನಾಯ್ತು ಎಂದು ಕೇಳಿದ. "ನಾನು ಖಾಲಿ ಕಣಪ್ಪಾ" ಎಂದಳು. "ಸರ್ಕಾರ ಆರ್ಡರು ಮಾಡಿದೆ." ನಗು ನಿಂತ ಮೇಲೆ ಕಾಗದವನ್ನು ಮಡಚಿ ಮಡಚಿ, ಇನ್ನು ಮಡಚಲು ಬರುವುದಿಲ್ಲ ಎನ್ನುವಷ್ಟು ಚಿಕ್ಕದು ಮಾಡಿದಳು.

ಅದರ ಮರುದಿನ ಸೂಪರಿಂಟೆಂಡೆಂಟರು ಓದುವವನನ್ನು ತಮ್ಮ ಕೋಣೆಗೆ ಕರೆದರು. ಕೂರಲು ಹೇಳಿದರು. ಹದಿನೆಂಟು ವರ್ಷದಲ್ಲಿ ಆ ಕೋಣೆಯಲ್ಲಿ ಅವನು ಕೂತದ್ದು ಅದೇ ಮೊದಲು.

"ನೀನಿನ್ನೂ ಟೆಂಪರರಿ ಅಲ್ವೇನಯ್ಯ? ಪರ್ಮನೆಂಟ್ ಮಾಡೋ ಪಟ್ಟಿ ಶುಕ್ರವಾರ ಹೋಗ್ತಿದೆ."

ಅವನು ಕುರ್ಚಿಯ ಅಂಚಿಗೆ ಸರಿದು ಕೂತ.

"ನಾನೇನು ಸುಳ್ಳು ಹೇಳು ಅಂತಿಲ್ಲ. ಫಾರಂನಲ್ಲಿ ಸಾಕ್ಷಿ ಜಾಗ ಹೇಗೂ ನಿಂದೇ. ಆಯಮ್ಮನ ಜಾಗದಲ್ಲಿ ಅನಾರೋಗ್ಯ ಅಂತ ಬರೀತೀನಿ. ನೀನು ನಿನ್ನ ಜಾಗದಲ್ಲಿ ಸಹಿ ಹಾಕು. ಅಷ್ಟೇ."

ಫಾರಂನಲ್ಲಿ ಹೀಗಿತ್ತು: 'ಕರಡು ತಿದ್ದುವವರು ಅನಾರೋಗ್ಯದ ನಿಮಿತ್ತ ಲಭ್ಯರಿಲ್ಲ. ಪ್ರತಿಯನ್ನು ಓದಿ ಪರಿಶೀಲಿಸಲಾಗಿದೆ.' ಅವಳು ಗೋಡೆಯ ಆಚೆ ಕೂತಿದ್ದಳು. ಅವಳ ಕುರ್ಚಿ ಕಿರುಗುಟ್ಟುವುದು ಕೇಳಿಸುತ್ತಿತ್ತು. ಓದಿ ಪರಿಶೀಲಿಸಿದವನಿಗೆ ಬ್ರೈಲಿನ ಒಂದು ಅಕ್ಷರ ಬರುತ್ತಿರಲಿಲ್ಲ. ಅವನು ಸಹಿ ಹಾಕಿದ. ಪೆನ್ನು ಸೂಪರಿಂಟೆಂಡೆಂಟರದು, ಅದರ ತುದಿಯನ್ನು ಅವರು ಕಚ್ಚಿ ಕಚ್ಚಿ ಸೊಟ್ಟ ಮಾಡಿದ್ದರು, ಅದು ಇನ್ನೂ ಒದ್ದೆಯಾಗಿತ್ತು.

ಎರಡು ದಿನ ಕಳೆದು ಅವಳು ಕೇಳಿದಳು. "ಆ ಫಾರಂ ಏನಾಯ್ತು ತಮ್ಮಾ? ಫೈಲು ತಂದು ಓದು."

ಅವನು ತಂದ. ಓದಿದ. "ಪುಸ್ತಕದ ಹೆಸರು ರೇಖಾಗಣಿತ, ಅಲ್ಪವಿರಾಮ, ಏಳನೇ ತರಗತಿ, ಪೂರ್ಣವಿರಾಮ. ಷರಾ: ಹಾಳೆಯ ಗುಣಮಟ್ಟ ಪರಿಶೀಲನೆಯಲ್ಲಿದೆ." ಅಲ್ಲಿಗೆ ಫೈಲು ಮುಚ್ಚಿದ.

ಅವಳು ಕಾದಳು. ಆಮೇಲೆ, "ಪೂರ್ಣವಿರಾಮ ಎಲ್ಲಿ?" ಎಂದಳು.

"ಇದೆ ಅಕ್ಕ."

"ಹದಿನೆಂಟು ವರ್ಷದಲ್ಲಿ ನೀನು ಒಂದು ಪೂರ್ಣವಿರಾಮ ನುಂಗಿದೋನಲ್ಲ. ನಿದ್ದೆಗಣ್ಣಲ್ಲಿ ಓದಿದಾಗಲೂ ನುಂಗಿಲ್ಲ. ಆ ಸಾಲು ಅಲ್ಲಿಲ್ಲ. ಏನಿದೆಯೋ ಅದನ್ನ ಓದು."

ಅವನು ಇಲ್ಲದ ವಾಕ್ಯವನ್ನು ಹೇಗೋ ಕಟ್ಟಿದ್ದ, ಅದಕ್ಕೆ ಚಿಹ್ನೆ ಹಾಕಲು ನಾಲಿಗೆ ಏಳಲಿಲ್ಲ. ಫೈಲು ತೆರೆದು ಇದ್ದದ್ದನ್ನು ಇದ್ದ ಹಾಗೆ, ಒಂದು ಚುಕ್ಕಿಯನ್ನೂ ಬಿಡದೆ, ಓದಿದ.

"ಸಹಿ ಯಾರದು?"

"ನಂದು ಅಕ್ಕ."

ಅವಳು ಬಯ್ಯಲಿಲ್ಲ. ಬೈದಿದ್ದರೆ, ಕಪಾಳಕ್ಕೆ ಒಂದು ಬಿಟ್ಟಿದ್ದರೆ, ಅವನ ಪಾಲಿಗೆ ಅಲ್ಲಿಗೆ ಮುಗಿಯುತ್ತಿತ್ತೇನೋ. "ಹುಂ" ಎಂದಳು. "ಮುಂದಿನ ಪುಸ್ತಕ ತೆಗಿ." ಅವತ್ತು ಸಂಜೆಯವರೆಗೂ ಓದಿದರು, ತೋಟಗಾರಿಕೆಯ ಬಗ್ಗೆ ಯಾವುದೋ ಕೈಪಿಡಿ. ಅವಳು ನಾಲ್ಕು ತಪ್ಪು ಹಿಡಿದಳು.

ಶುಕ್ರವಾರದ ಪಟ್ಟಿಯಲ್ಲಿ ಅವನ ಹೆಸರಿತ್ತು. ಪರ್ಮನೆಂಟ್ ಆದ. ಆ ಆದೇಶ ಇವತ್ತೂ ಅವನ ಬೀರುವಿನಲ್ಲಿದೆ, ಹೆಂಡತಿ ಪ್ಲಾಸ್ಟಿಕ್ ಹೊದಿಸಿ ಇಟ್ಟಿದ್ದಾಳೆ.

ಪುಸ್ತಕ ವಿತರಣೆಯ ಸಮಾರಂಭ ದೊಡ್ಡದಾಗಿ ನಡೆಯಿತು. ವೇದಿಕೆಯ ಮೇಲೆ ಪುಸ್ತಕಗಳನ್ನು ಆಳೆತ್ತರಕ್ಕೆ ಒಂದರ ಮೇಲೊಂದು ಪೇರಿಸಿ, ನೋಡಲು ಚೆನ್ನಾಗಿರಲಿ ಎಂದು ಮೇಲೆ ಹೂಕುಂಡ ಇಟ್ಟಿದ್ದರು. ಬ್ರೈಲ್ ಪುಸ್ತಕವನ್ನು ಎಂದೂ ಮಲಗಿಸಿ ಪೇರಿಸಬಾರದು, ಭಾರಕ್ಕೆ ಚುಕ್ಕಿ ಕೂತುಬಿಡುತ್ತದೆ. ಅದನ್ನು ಬಲ್ಲವಳನ್ನು ಸಮಾರಂಭಕ್ಕೆ ಕರೆದಿರಲಿಲ್ಲ. ಅನಾರೋಗ್ಯ ಎಂದು ಬರೆದಾಗಿತ್ತಲ್ಲ. ಇಲಾಖೆಯ ದೊಡ್ಡವರು ಒಬ್ಬ ಹುಡುಗಿಯ ಕೈಗೆ ಪುಸ್ತಕ ಕೊಟ್ಟು, ಅವಳ ಭುಜ ಹಿಡಿದು ಕ್ಯಾಮೆರಾದ ಕಡೆಗೆ ತಿರುಗಿಸಿದರು. ಮರುದಿನದ ಪತ್ರಿಕೆಯಲ್ಲಿ ಚಿತ್ರ ಬಂತು. ಹುಡುಗಿ ಪುಟದ ಮೇಲೆ ಬೆರಳಿಟ್ಟು ಹುಬ್ಬು ಗಂಟಿಕ್ಕಿದ್ದಾಳೆ. ಕೆಳಗೆ, 'ಜ್ಞಾನದ ಬೆಳಕು ಕಂಡ ಸಂಭ್ರಮ'. ಅವಳು ಇಲ್ಲದ ಚುಕ್ಕಿಯನ್ನು ಹುಡುಕುತ್ತಿದ್ದಳು ಎಂಬುದನ್ನು ಆ ಸಾಲು ಬರೆದವನಿಗೆ ಯಾರು ಹೇಳಬೇಕು. ಚುಕ್ಕಿಯಕ್ಕ ಚಿತ್ರದ ವಿವರವನ್ನೆಲ್ಲ ಕೇಳಿಸಿಕೊಂಡು, "ಪುಸ್ತಕ ಕೊಟ್ವಿ ಅಂತ ಎಣಿಸ್ತಾರೆ. ಓದೋಕಾಯ್ತಾ ಮಗೂ ಅಂತ ಕೇಳೋರು ಒಬ್ರಿಲ್ಲ" ಎಂದಳು. ಅವನು ಮುಂದಿನ ಸುದ್ದಿ ಓದಲೇ ಎಂದ. ಬೇಡ ಎಂದಳು.

ಆರು ತಿಂಗಳಿಗೆ ಅಂಧ ಮಕ್ಕಳ ಶಾಲೆಯ ಟೀಚರಮ್ಮ ಪ್ರೆಸ್ಸಿಗೆ ಬಂದರು. ಚೀಲದಿಂದ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಮಕ್ಕಳ ಬೆವರಿಗೆ ಪುಟದ ಅಂಚೆಲ್ಲ ಕರಗಿ, ಒದ್ದೆ ಬಟ್ಟೆಯ ವಾಸನೆ ಬರುತ್ತಿತ್ತು.

"ಮೂರನೇ ಪಾಠಕ್ಕೆ ಬರೋ ಹೊತ್ತಿಗೆ ಮೊದಲನೇ ಪಾಠ ಇರಲ್ಲ ಕಣ್ರೀ. ಮಕ್ಕಳು ನನ್ನನ್ನ ಕೇಳ್ತಾವೆ, ಟೀಚರ್, ನಮ್ಮ ಬೆರಳು ಹಾಳಾಗಿದೆಯಾ ಅಂತ."

ಚುಕ್ಕಿಯಕ್ಕ ಆ ಪುಸ್ತಕವನ್ನು ಮುಟ್ಟಲಿಲ್ಲ.

ಪರೀಕ್ಷೆಗೆ ಕೂತ ನಲವತ್ತೊಂದು ಮಕ್ಕಳಲ್ಲಿ ಮೂವತ್ತಮೂರು ಫೇಲಾದವು. ಇಲಾಖೆಯ ಆದೇಶ ಬರಲು ತಡವಾಗಲಿಲ್ಲ. ಅಂಧ ವಿದ್ಯಾರ್ಥಿಗಳ ಸಾಮರ್ಥ್ಯದ ಮಿತಿಯನ್ನು ಗಮನದಲ್ಲಿರಿಸಿಕೊಂಡು ಗಣಿತವನ್ನು ಕೈಬಿಡಲಾಗಿದೆ, ಸಂಗೀತವನ್ನು ಮುಂದುವರಿಸಲಾಗುವುದು, ಗಣಿತ ಬಯಸುವವರು ಸ್ವಂತ ಜವಾಬ್ದಾರಿಯ ಮೇಲೆ ಪರೀಕ್ಷೆಗೆ ಕೂರಬಹುದು, ಸಾಕಷ್ಟು ಪ್ರತಿ ವಿತರಿಸಿರುವುದರಿಂದ ಮರುಮುದ್ರಣವಿಲ್ಲ. ಸಾಮರ್ಥ್ಯದ ಮಿತಿ ಎಂಬ ಮಾತಿಗೆ ಬಂದಾಗ ಓದುವವನು ಓದು ನಿಲ್ಲಿಸಿದ. "ಯಾಕೆ ನಿಂತೆ? ಓದು" ಎಂದಳು. ಕಳ್ಳ ತಾನೇ ಒಬ್ಬನ ಕಾಲು ಮುರಿದು, ನೋಡಿ ಇವನಿಗೆ ಓಡಲು ಬರುವುದಿಲ್ಲ ಎಂದು ತೀರ್ಪು ಕೊಟ್ಟ ಹಾಗಿತ್ತು ಆ ಕಾಗದ. ಆ ಕಳ್ಳನ ಕೈಗೆ ಕೋಲು ಕೊಟ್ಟವನು ತಾನು ಎಂಬುದೂ ಓದುವವನಿಗೆ ಗೊತ್ತಿತ್ತು.

ಆದರೂ ಒಂಬತ್ತು ಮಕ್ಕಳು ಗಣಿತವೇ ಬೇಕೆಂದು ಹೆಸರು ಕೊಟ್ಟವು. ಟೀಚರಮ್ಮ ಫೋನಿನಲ್ಲಿ ತಿಳಿಸಿದರು.

"ಒಂಬತ್ತು ಜನಕ್ಕೆ ಒಂದು ಗಟ್ಟಿ ಪುಸ್ತಕ ಸಾಕು. ಸರದಿ ಮೇಲೆ ಓದ್ಕೋತಾವೆ" ಎಂದಳು ಚುಕ್ಕಿಯಕ್ಕ.

ತಗಡುಗಳಿದ್ದರೆ ದಪ್ಪ ಹಾಳೆ ಹುಡುಕಿ ಒಂದು ಪ್ರತಿ ಹೊಡೆಯಬಹುದಿತ್ತು. ಆದರೆ ತಗಡನ್ನು ಆಗಲೇ ಕರಗಿಸಲು ಕಳಿಸಿಯಾಗಿತ್ತು, ಆ ಹನ್ನೊಂದು ಸಲದ ವೃತ್ತವನ್ನೂ ಸೇರಿಸಿ. ಅವಳು ಕೈಯಲ್ಲೇ ಬರೆಯುತ್ತೇನೆ ಎಂದಳು. ಹಾಳೆಯನ್ನು ಒಂದು ಲೋಹದ ಪಟ್ಟಿಯಲ್ಲಿ ಸಿಕ್ಕಿಸಿ, ಮರದ ಹಿಡಿಯ ಮೊಳೆಯಿಂದ ಒಂದೊಂದೇ ಚುಕ್ಕಿ ಚುಚ್ಚುವುದು. ಬಲದಿಂದ ಎಡಕ್ಕೆ, ಕನ್ನಡಿಯ ಬರಹದಂತೆ ತಿರುಗುಮುರುಗಾಗಿ ಚುಚ್ಚಬೇಕು. ಹಾಳೆ ಮಗುಚಿದಾಗ ಚುಕ್ಕಿ ಎದ್ದು ಸರಿಯಾಗಿ ಓದಿಸಿಕೊಳ್ಳುತ್ತದೆ. ಮಿಷನ್ನಿನವನು ಅಂಗಡಿ ಅಂಗಡಿ ತಿರುಗಿ ಹಳೆಯ ಕ್ಯಾಲೆಂಡರುಗಳನ್ನು ತಂದು ಹಾಕಿದ. ಅಷ್ಟು ದಪ್ಪದ ಹಾಳೆ ಬೇರೆಲ್ಲೂ ಪುಕ್ಕಟೆ ಸಿಗುತ್ತಿರಲಿಲ್ಲ. "ಅಕ್ಕಾ, ಹಿಂದುಗಡೆ ಸಿನಿಮಾ ನಟಿ ಇದಾಳೆ, ಹುಷಾರು" ಎಂದ. "ಇರಲಿ ಬಿಡು. ಅವಳೂ ಒಂಚೂರು ತ್ರಿಕೋನ ಕಲೀಲಿ."

ಅವಳ ಕೋಣೆ ದರ್ಜಿಯೊಬ್ಬನ ಅಂಗಡಿಯ ಹಿಂದಿತ್ತು. ಬಟ್ಟೆಯ ಮೇಲೆ ಗುರುತು ಹಾಕಲು ದರ್ಜಿಗಳು ಬಳಸುವ ಹಲ್ಲಿನ ಚಕ್ರವನ್ನು ಅವನಿಂದ ತೆಗೆದುಕೊಂಡಳು. ರಬ್ಬರಿನ ಹಾಸಿನ ಮೇಲೆ ಹಾಳೆಯಿಟ್ಟು ಆ ಚಕ್ರ ಉರುಳಿಸಿದರೆ ಚುಕ್ಕಿಯ ಗೆರೆ ಏಳುತ್ತಿತ್ತು. ಓದುವವನು ದಿನಾ ಐದೂವರೆಗೆ ಬಂದು ಸ್ಟೂಲಿನ ಮೇಲೆ ಕೂತು ಓದುತ್ತಿದ್ದ. ಮೊದಲ ದಿನ ಬಾಗಿಲಲ್ಲೇ ನಿಂತು, "ಅಕ್ಕ, ನಾನು ಅವತ್ತು" ಎಂದು ಶುರು ಮಾಡಿದ್ದ.

"ಏಯ್. ಕ್ಷಮೆ ಗಿಮೆ ಕೇಳಬೇಡ. ನೀನು ಕೇಳಿದ್ರೆ ನಾನು ಸಮಾಧಾನ ಮಾಡ್ತಾ ಕೂರಬೇಕು. ನಂಗೆ ಪುರುಸೊತ್ತಿಲ್ಲ. ಓದು."

ಕ್ಷಮಿಸಿದಳೋ ಇಲ್ಲವೋ ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಅರ್ಧ ಪುಸ್ತಕ ಆಗುವ ಹೊತ್ತಿಗೆ ಅವಳ ಹೊಟ್ಟೆನೋವು ಜೋರಾಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಓದುವವನ ಮುಖ ನೋಡಿಕೊಂಡೇ ವಿವರಿಸಿದರು, ರೋಗ ಅವನದೇ ಎನ್ನುವ ಹಾಗೆ. ಔಷಧಿಯನ್ನು ರಕ್ತಕ್ಕೆ ಹನಿಸಬೇಕು, ಕೂದಲು ಹೋಗುತ್ತೆ, ವಾಂತಿ ಆಗುತ್ತೆ. "ಬೆರಳ ತುದಿ ಮರಗಟ್ಟಬಹುದು. ಅದೇನು ದೊಡ್ಡದಲ್ಲ."

"ಡಾಕ್ಟ್ರೇ, ಈ ಕಡೆ ನೋಡಿ ಮಾತಾಡಿ" ಎಂದಳು ಅವಳು. "ಮರಗಟ್ಟಿದ್ದು ವಾಪಸ್ ಬರುತ್ತಾ?"

"ಕೆಲವರಿಗೆ ಬರಲ್ಲ."

"ಔಷಧಿ ಹಾಕಿಸ್ಕೊಂಡ್ರೆ ಎಷ್ಟು ದಿನ, ಹಾಕಿಸ್ಕೊಳ್ದೆ ಇದ್ರೆ ಎಷ್ಟು ದಿನ?"

ಡಾಕ್ಟರು, ಹಾಕಿಸಿಕೊಂಡರೆ ನಾಲ್ಕು ತಿಂಗಳು ಹೆಚ್ಚು ಸಿಗಬಹುದು ಎಂದರು.

"ಹಂಗಾದ್ರೆ ಬೇಡ. ಆರು ಅಧ್ಯಾಯ ಬಾಕಿ ಇದೆ."

ಡಾಕ್ಟರು ಮತ್ತೆ ಓದುವವನ ಮುಖ ನೋಡಿದರು. ಅವನಿಗೆ ಸಿಟ್ಟು ಬಂದಿತ್ತು. ಹೊರಗೆ ಬಂದ ಮೇಲೆ, ಬದುಕೋದು ಬಿಟ್ಟು ಪುಸ್ತಕ ಅಂತೀಯಲ್ಲ ಎಂದು ರೇಗಿದ. "ನಿನ್ನ ಕಣ್ಣು ಕಿತ್ಕೊಂಡು ನಾಲ್ಕು ತಿಂಗಳು ಕೊಡ್ತೀನಿ ಅಂದ್ರೆ ತಗೋತೀಯಾ?" ಎಂದಳು. ಬಸ್ಸು ಬಂದಾಗ ಅವನು ಅವಳ ಕೈಚೀಲ ಎತ್ತಿಕೊಂಡ.

ಕೊನೆಯ ಮೂರು ವಾರ ವಾರ್ಡಿನಲ್ಲೇ ಬರೆದಳು. ಮಂಚದ ಮೇಲೆ ದಿಂಬಿಗೆ ಒರಗಿ, ಮಡಿಲಲ್ಲಿ ಹಲಗೆ ಇಟ್ಟುಕೊಂಡು. ಫಿನಾಯಿಲಿನ ವಾಸನೆ, ಅದರ ಕೆಳಗೆ ಫಿನಾಯಿಲು ಮುಚ್ಚಲಾಗದ ವಾಸನೆ. ಪಕ್ಕದ ಮಂಚದ ಹೆಂಗಸು ಎರಡು ದಿನ ನೋಡಿ ನೋಡಿ, "ಅದೇನವ್ವ ಕುಟುಕುಟು ಅಂತ ಚುಚ್ತಾನೇ ಇರ್ತೀಯ, ಕಸೂತಿನಾ?" ಎಂದಳು. "ಹೂಂ ಕಣಮ್ಮ, ಕಸೂತಿ. ಮೂರು ಮೂಲೇದು." ನರ್ಸು ಮಾತ್ರ ಸದ್ದಾಗುತ್ತದೆಂದು ಎರಡು ಸಲ ಹಲಗೆ ಕಿತ್ತುಕೊಂಡಳು. ಓದುವವನು ಕೈಮುಗಿದು ಎರಡು ಸಲವೂ ವಾಪಸು ತಂದ.

ಮಂಗಳವಾರ ಸಂಜೆ ನಾಲ್ಕಕ್ಕೆ ಅವನು ಹೋದಾಗ ಉಳಿದದ್ದು ಪುಸ್ತಕದ ಕೊನೆಯ ಪುಟ, ಲೆಕ್ಕಗಳ ಉತ್ತರ. ಪ್ರೆಸ್ಸಿನ ಪ್ರತಿಯಲ್ಲಿ ಈ ಉತ್ತರಗಳೇ ಇರಲಿಲ್ಲ. ಹಾಳೆ ಉಳಿತಾಯವಾಗಲಿ ಎಂದು ಸೂಪರಿಂಟೆಂಡೆಂಟರು ಮೊದಲೇ ತೆಗೆಸಿದ್ದರು. ಹಾಗಾಗಿ ಅವರಿಬ್ಬರೂ ಅದನ್ನು ಓದುತ್ತಿದ್ದದ್ದು ಅದೇ ಮೊದಲು. ಅವಳ ಮುಖ ಹಳದಿಗಟ್ಟಿತ್ತು. ಎರಡು ಉತ್ತರಕ್ಕೊಮ್ಮೆ ಮೊಳೆ ಕೆಳಗಿಟ್ಟು ಉಸಿರು ತೆಗೆದುಕೊಳ್ಳುತ್ತಿದ್ದಳು. ನಾಳೆ ಮಾಡೋಣ ಎಂದ. ಕೇಳಿಸಲಿಲ್ಲವೆಂಬಂತೆ ಕೈ ಚಾಚಿ ಮೊಳೆ ಎತ್ತಿಕೊಂಡಳು.

"ಹನ್ನೆರಡನೇ ಲೆಕ್ಕ, ಅರವತ್ತು, ಪೂರ್ಣವಿರಾಮ" ಎಂದು ಓದಿದ. ಅದೇ ಕೊನೆಯದು. ಅವಳು ಚುಚ್ಚಿದಳು. ಅವನು ಪುಸ್ತಕ ಮುಚ್ಚಿದ.

"ನಿಲ್ಲು" ಎಂದಳು. "ಹನ್ನೆರಡನೇ ಲೆಕ್ಕ ಏನಿತ್ತು?"

ಅವನು ಹಿಂದೆ ತಿರುವಿ ಹುಡುಕಿದ. "ಒಂದು ತ್ರಿಕೋನದ ಎರಡು ಕೋನಗಳು ಎಪ್ಪತ್ತು ಮತ್ತು ಅರವತ್ತು ಡಿಗ್ರಿ, ಪೂರ್ಣವಿರಾಮ. ಮೂರನೆಯದು ಎಷ್ಟು, ಪ್ರಶ್ನಾರ್ಥಕ ಚಿಹ್ನೆ."

"ಉತ್ತರ ಮತ್ತೆ ಓದು."

"ಅರವತ್ತು."

"ಕೂಡಿಸು."

ಅವನು ಮನಸ್ಸಿನಲ್ಲೇ ಕೂಡಿಸಿದ. ನೂರ ಎಂಬತ್ತಾಗಬೇಕಾದದ್ದು ನೂರ ತೊಂಬತ್ತಾಯಿತು.

"ಕಣ್ಣಿರೋ ಮಕ್ಕಳು ಈ ಪುಸ್ತಕ ಎಷ್ಟು ವರ್ಷದಿಂದ ಓದ್ತಿದಾವೆ?"

ಅವನು ಮೊದಲ ಪುಟ ನೋಡಿದ. "ಹನ್ನೊಂದು ವರ್ಷ ಅಕ್ಕ."

"ಯಾರೂ ಹೇಳ್ಲಿಲ್ವಾ?"

"ಇಲ್ಲ ಅಂತ ಕಾಣುತ್ತೆ."

ಅವಳು ಪಟ್ಟಿಯಿಂದ ಹಾಳೆ ಬಿಡಿಸಿ ಮಗುಚಿ, ಕೊನೆಯ ಸಾಲಿಗೆ ಬೆರಳು ತಂದಳು. ಬ್ರೈಲಿನ ಆರನ್ನು ಐದು ಮಾಡಲು ಎರಡು ಚುಕ್ಕಿ ಅಳಿಸಿ ಒಂದು ಚುಕ್ಕಿ ಹಾಕಬೇಕು. ಕೊಡು ನಾನು ಹಿಡ್ಕೋತೀನಿ ಎಂದು ಅವನು ಮುಂದಾದ. ಅವಳು ಮೊಣಕೈಯಿಂದ ಅವನನ್ನು ಆಚೆ ಸರಿಸಿದಳು. ಮೊಳೆಯ ಹಿಡಿಯ ಮೊಂಡು ತುದಿಯಿಂದ ಎರಡು ಚುಕ್ಕಿಗಳನ್ನು ಒಂದಾದ ಮೇಲೊಂದು ಒತ್ತಿ ಕೂರಿಸಿದಳು, ಸವರಿ ನೋಡಿದಳು, ಇನ್ನೊಮ್ಮೆ ಒತ್ತಿದಳು. ಹಾಳೆಯನ್ನು ಮತ್ತೆ ಪಟ್ಟಿಯೊಳಗೆ ಅದೇ ಮನೆಗೆ ಸರಿಯಾಗಿ ಸಿಕ್ಕಿಸಿ, ಮೊಳೆ ಇಳಿಸಿ, ಒಂದು ಚುಕ್ಕಿ ಚುಚ್ಚಿದಳು.